ಹೊಳೆಬಾಗಿಲಿನಲ್ಲಿ ಒಂದು ಮಧ್ಯಾಹ್ನ

ತುಮಕೂರಿನ ಹೊರವಲಯದಲ್ಲಿ ನಾವೊಂದು ಸೈಟು ತಗೊಂಡಿದ್ದೆವು. ಮೂವತ್ತು ನಲವತ್ತರ ಸೈಟು. ಬೇಲಿ ಹಾಕಿಸಿದ ತಿಂಗಳೊಳಗೆ ಎರಡು ಕಲ್ಲುಕಂಬ ಮಾಯವಾದವು. ಅತ್ತೆ ಹಟ ಹಿಡಿದರು: "ಸಿಗಂದೂರಿಗೆ ಹೋಗಿ ಬರೋಣ. ತಾಯಿ ಹೆಸರಿನ ಬೋರ್ಡು ಹಾಕಿದ್ರೆ ಒಂದು ಕಲ್ಲೂ ಅಲ್ಲಾಡಲ್ಲ." ನೀವೂ ನೋಡಿರುತ್ತೀರಿ. ಅಡಿಕೆ ತೋಟ, ಖಾಲಿ ಸೈಟು, ಅಂಗಡಿ ಬಾಗಿಲು, ಎಲ್ಲೆಂದರಲ್ಲಿ "ಸಿಗಂದೂರು ಶ್ರೀ ಚೌಡೇಶ್ವರಿ ದೇವಿಯ ಕಾವಲಿದೆ" ಎಂಬ ಬೋರ್ಡು ಇರುತ್ತದೆ. ಕಳ್ಳರು ಪೊಲೀಸರಿಗೆ ಹೆದರದಿದ್ದರೂ ಈ ತಾಯಿಗೆ ಹೆದರುತ್ತಾರೆ ಎಂಬ ನಂಬಿಕೆ.

ಹಾಗೆ ನಾವು ಹೊರಟಿದ್ದು 2023ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ ಬಂದ ಶನಿವಾರ. ನಾನು, ನಮ್ಮೆಜಮಾನ್ರು, ಅತ್ತೆ, ಇಬ್ಬರು ಮಕ್ಕಳು. ಹಿಂದಿನ ರಾತ್ರಿ ಶಿವಮೊಗ್ಗದಲ್ಲಿ ಉಳಿದು, ಬೆಳಿಗ್ಗೆ ಸಾಗರದಲ್ಲಿ ತಿಂಡಿ ತಿಂದು ಹೊಳೆಬಾಗಿಲು ಮುಟ್ಟುವಾಗ ಹತ್ತೂವರೆ. ಸಾಗರದಿಂದ ಅಲ್ಲಿಗೆ ಮೂವತ್ತು ಕಿಲೋಮೀಟರ್ ಆಸುಪಾಸು. ರಸ್ತೆ ಕಾಡಿನೊಳಗಿಂದ ಇಳಿದು ಇಳಿದು ಸೀದಾ ನೀರಿನೊಳಗೇ ಹೋಗಿಬಿಡುತ್ತದೆ. ಮುಂದೆ ರಸ್ತೆಯೇ ಇಲ್ಲ, ಶರಾವತಿಯ ಹಿನ್ನೀರು ಮಾತ್ರ. ಆಚೆ ದಡದಲ್ಲಿ ಕಳಸವಳ್ಳಿ, ಅಲ್ಲಿಂದ ನಾಲ್ಕಾರು ಕಿಲೋಮೀಟರ್ ಹೋದರೆ ಸಿಗಂದೂರು.

ಆಗಿನ್ನೂ ಸೇತುವೆ ಆಗಿರಲಿಲ್ಲ. ಕಂಬಗಳು ನೀರಿನಿಂದ ಎದ್ದು ನಿಂತಿದ್ದವು, ಅಷ್ಟೇ. ದಾಟಬೇಕೆಂದರೆ ಲಾಂಚು. ಲಾಂಚೆಂದರೆ ದೋಣಿಯಲ್ಲ, ತೇಲುವ ಕಬ್ಬಿಣದ ಅಂಗಳ. ಅದರ ಮೇಲೆ ಬಸ್ಸು, ಕಾರು, ಬೈಕು, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಶಾಲೆ ಮಕ್ಕಳು, ದೇವರ ದರ್ಶನಕ್ಕೆ ಹೋಗುವವರು ಎಲ್ಲರೂ ಒಟ್ಟಿಗೆ. ಬಸ್ಸಿಗೆ ಮೊದಲ ಜಾಗ. ಉಳಿದ ಜಾಗಕ್ಕೆ ಕಾರುಗಳ ಸಾಲು.

ಸಾಲು ಅವತ್ತು ಏರಿನ ತಿರುವು ದಾಟಿತ್ತು. ಬೆಂಗಳೂರು, ಹಾವೇರಿ, ದಾವಣಗೆರೆ, ಎಲ್ಲ ಕಡೆಯ ನಂಬರ್ ಪ್ಲೇಟು. ಮೊದಲ ಅರ್ಧ ಗಂಟೆ ಎಲ್ಲರೂ ಖುಷಿಯಲ್ಲೇ ಇದ್ದರು. ನೀರಿನ ನಡುವೆ ನಿಂತ ಒಣಮರದ ಬೊಡ್ಡೆಗಳನ್ನೂ ಅದರ ಮೇಲೆ ರೆಕ್ಕೆ ಬಿಚ್ಚಿ ಕೂತ ನೀರುಕಾಗೆಗಳನ್ನೂ ಮಕ್ಕಳಿಗೆ ತೋರಿಸಿದೆ. ಒಂದು ಗಂಟೆಯಾಗುವಷ್ಟರಲ್ಲಿ ಬಿಸಿಲು ಏರಿತು. ಹಾರ್ನ್ ಶುರುವಾಯಿತು. ಮುಂದೆ ಲಾಂಚೇ ಇಲ್ಲ, ನೀರಿದೆ. ಆದರೂ ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಒಬ್ಬರು ಕಾರಿನ ಬಾಗಿಲು ತೆರೆದಿಟ್ಟು ಊರಿಗೆಲ್ಲ ಕೇಳುವಂತೆ ಹಾಡು ಹಾಕಿದರು. ಇನ್ನೊಬ್ಬರು ಚಿಪ್ಸ್ ಪೊಟ್ಟಣ ಖಾಲಿ ಮಾಡಿ ನೀರಿಗೇ ಬಿಟ್ಟರು. ತಲೆಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಕಾರುಗಳ ಸಂದಿಯಲ್ಲಿ ನುಸುಳುವಾಗ, "ನೋಡ್ಕೊಂಡು ಹೋಗಮ್ಮಾ, ಪೇಂಟ್ ಹೋಗುತ್ತೆ" ಅಂತ ಕೂಗಿದರು. ದಾರಿ ಅವಳದ್ದು. ನಿಂತಿದ್ದವರು ನಾವು. ಇದೆಲ್ಲ ನೋಡಿ, "ಜನಕ್ಕೆ ಸ್ವಲ್ಪವೂ ಸೂಕ್ಷ್ಮ ಇಲ್ಲ ನೋಡಿ" ಅಂತ ನಮ್ಮೆಜಮಾನ್ರ ಹತ್ತಿರ ಹೇಳಿದ್ದು ನಾನೇ. ಅದನ್ನು ಇಲ್ಲಿ ಬರೆಯಲೇಬೇಕು.

ಎರಡು ಲಾಂಚು ಹೋದವು. ಮೂರನೆಯದಕ್ಕೆ ನಮ್ಮ ಸರದಿ ಬಂತು. ಬಸ್ಸು ಹತ್ತಿತು, ಕಾರುಗಳು ಹಿಮ್ಮುಖವಾಗಿ ಒಂದೊಂದೇ ಹತ್ತಿದವು. ಲಾಂಚಿನ ಹುಡುಗ ಕೈಯೆತ್ತಿ, "ಇನ್ನೊಂದೇ ಗಾಡಿ" ಅಂದ. ಅದು ನಾವು.

ಅಷ್ಟರಲ್ಲಿ ಪಕ್ಕದ ಮಣ್ಣಿನ ಮೇಲಿಂದ ಒಂದು ಹಳೇ ಓಮ್ನಿ ಬಂದು ನಮ್ಮ ಪಕ್ಕಕ್ಕೆ ನಿಂತಿತು. ಮೂವತ್ತೈದರ ಆಸುಪಾಸಿನ ಒಬ್ಬರು ಇಳಿದು ನನ್ನ ಕಿಟಕಿಯ ಹತ್ತಿರ ಬಗ್ಗಿದರು. "ಅಕ್ಕಾ, ನೀವು ಮುಂದಿನ ಲಾಂಚಿಗೆ ಬಂದ್ರೆ ನಮ್ಮ ಗಾಡಿ ಒಂದು ಹೋಗ್ತಿತ್ತು. ಅಪ್ಪಯ್ಯಂಗೆ ಆರಾಮಿಲ್ಲ."

ನಾನು ಓಮ್ನಿ ಕಡೆ ಸರಿಯಾಗಿ ನೋಡಲೂ ಇಲ್ಲ. ಅವರು ಸಾಲು ಮುರಿದು ಬಂದಿದ್ದಷ್ಟೇ ನನಗೆ ಕಂಡಿದ್ದು. "ಎರಡು ಗಂಟೆಯಿಂದ ನಾವೂ ಕಾಯ್ತಾ ಇದ್ದೀವಿ ಕಣ್ರೀ. ನಮ್ಮ ಜೊತೆಗೂ ವಯಸ್ಸಾದವರಿದ್ದಾರೆ, ಮಕ್ಕಳಿದ್ದಾರೆ. ಎಲ್ಲರೂ ಹಿಂಗೇ ಬಂದು ಆರಾಮಿಲ್ಲ ಅಂದ್ರೆ ಸಾಲು ಯಾಕೆ?" ಅಂದೆ. ಹಿಂದಿನ ಕಾರಿನವರು ನನಗೇ ಬೆಂಬಲವಾಗಿ ಹಾರ್ನ್ ಹೊಡೆದರು. ನಮ್ಮೆಜಮಾನ್ರು ಒಂದು ಗಳಿಗೆ ಅನುಮಾನಿಸಿದರು. "ನಡೀರಿ" ಅಂದೆ. ಅವರು ಮತ್ತೊಂದು ಮಾತಾಡಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾವು ಹತ್ತಿದೆವು, ಸರಪಳಿ ಬಿತ್ತು.

ಲಾಂಚು ದಡ ಬಿಟ್ಟ ಮೇಲೆ ಮಕ್ಕಳನ್ನು ಕರೆದುಕೊಂಡು ಕಂಬಿಯ ಹತ್ತಿರ ನಿಂತೆ. ಆಗ ಓಮ್ನಿಯ ಬಾಗಿಲು ಸರಿದಿದ್ದು ಕಂಡಿತು. ಒಳಗಿಂದ ಒಂದು ಕಾಲು ಹೊರಗೆ ಬಂತು. ಸಣಕಲು ಕಾಲು, ಪಾದ ಮಾತ್ರ ಊದಿಕೊಂಡಿತ್ತು. ಚಪ್ಪಲಿ ಹುಡುಕುತ್ತಿತ್ತು. ಮಗ ಬಗ್ಗಿ ಚಪ್ಪಲಿ ತೊಡಿಸುತ್ತಿದ್ದರು. ಲಾಂಚು ದೂರವಾಗುತ್ತಾ ಹೋಯಿತು. ಆ ಹೊತ್ತಿಗೂ ನನಗೆ ಅನಿಸಿದ್ದು, "ನಿಜವಾಗ್ಲೂ ಆರಾಮಿಲ್ಲ ಅಂತ ಕಾಣುತ್ತೆ" ಅಂತ ಮಾತ್ರ.

ದರ್ಶನ ಚೆನ್ನಾಗೇ ಆಯಿತು. ಬೋರ್ಡೂ ಸಿಕ್ಕಿತು. ಸಂಜೆ ವಾಪಸು ಈಚೆ ದಡಕ್ಕೆ ಬಂದು ಚಹಾಕ್ಕೆಂದು ಇಳಿದಾಗ ಅಂಗಡಿಯಾಕೆ ನನ್ನ ಮುಖ ನೋಡಿ, "ಬೆಳಿಗ್ಗೆ ಓಮ್ನಿಯೋರ ಹತ್ರ ಮಾತಾಡಿದ್ದು ನೀವೇ ಅಲ್ದಾ?" ಅಂದಳು. ಬೈಯುವ ದನಿಯಲ್ಲ, ಗುರುತು ಹಿಡಿದ ದನಿ.

ಅಜ್ಜನಿಗೆ ಕಿಡ್ನಿ ಹೋಗಿತ್ತಂತೆ. ವಾರಕ್ಕೆ ಎರಡು ಸಲ ಸಾಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ರಾತ್ರಿ ಲಾಂಚಿಲ್ಲದ್ದರಿಂದ ಹಿಂದಿನ ದಿನವೇ ದಾಟಿ ಬಂದು, ಸಾಗರದಲ್ಲಿ ನೆಂಟರ ಮನೆಯಲ್ಲಿ ಮಲಗಿ, ಬೆಳಗಿನ ಜಾವ ಆಸ್ಪತ್ರೆ ಸೇರಿ, ನಾಲ್ಕು ಗಂಟೆ ಮಷೀನಿನ ಪಕ್ಕ ಮಲಗಿ, ಮಧ್ಯಾಹ್ನ ಮನೆಗೆ ವಾಪಸು. "ಬೇರೆ ದಿನ ಆದ್ರೆ ತ್ರಾಸಿಲ್ಲ. ಶನಿವಾರ ಭಾನುವಾರ ಮಾತ್ರ ಹಿಂಗೆ. ನಿಮ್ದಾದ್ಮೇಲಿನ ಲಾಂಚಿಗೂ ಆಗ್ಲಿಲ್ಲ, ಅದ್ರ ಮುಂದಿಂದಕ್ಕೆ ಹೋದ್ರು. ಈ ಬೆಂಚಿನ ಮೇಲೇ ಮಲ್ಗಿದ್ರು ಪಾಪ."

"ನಮ್ಮನ್ನ ಬೈದ್ರಾ?" ಅಂತ ಕೇಳಿದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಇಲ್ಲಪ್ಪ. ನಾನೇ ಬೈದೆ. ಅಜ್ಜ ಸುಮ್ನಿರು ಅಂದ್ರು. ಅವ್ರೂ ಮಕ್ಕಳನ್ನ ಕಟ್ಕೊಂಡು ದೂರದಿಂದ ಬಂದಾರೆ, ಅವ್ರಿಗೂ ಸಾಕಾಗಿರ್ತದೆ ಅಂದ್ರು."

ಚಹಾ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಕಷ್ಟ ಆ ಮನುಷ್ಯನಿಗೆ ಕಂಡಿತ್ತು. ಅವರದು ನನಗೆ ಕಂಡಿರಲಿಲ್ಲ.

ಆಮೇಲೆ ಎಷ್ಟೋ ದಿನ ನನ್ನೊಳಗೇ ವಾದ ಮಾಡಿದೆ. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಸಾಲೆಂದರೆ ಸಾಲು. ಸುಳ್ಳು ಹೇಳಿ ನುಗ್ಗುವವರನ್ನು ನಾವು ದಿನಾ ನೋಡುವುದಿಲ್ಲವೇ? ನ್ಯಾಯ ನನ್ನ ಕಡೆಗೇ ಇತ್ತು. ಯೋಚಿಸಿದಷ್ಟೂ ಹೊಳೆದಿದ್ದು ಇದೇ. ನ್ಯಾಯ ನನ್ನ ಕಡೆ ಇದ್ದದ್ದರಿಂದಲೇ ಅಷ್ಟು ಸುಲಭವಾಗಿ ನಿರ್ದಯಿಯಾದೆ. ಚಿಪ್ಸ್ ಪೊಟ್ಟಣ ನೀರಿಗೆ ಎಸೆದವರಿಗೆ ತಮ್ಮದು ತಪ್ಪು ಅಂತ ಒಳಗೆಲ್ಲೋ ಗೊತ್ತಿರುತ್ತದೆ. ನನಗೆ ಅದೂ ಗೊತ್ತಿರಲಿಲ್ಲ. ಹೆಚ್ಚೇನು ಬೇಕಿರಲಿಲ್ಲ, "ಏನಾಗಿದೆ ಅವರಿಗೆ?" ಅಂತ ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಡಯಾಲಿಸಿಸ್ ಅನ್ನುತ್ತಿದ್ದರು. ನಾವು ಕಾರು ಹಿಂದೆ ತೆಗೆಯುತ್ತಿದ್ದೆವು. ಮಕ್ಕಳು ಇನ್ನೊಂದಿಷ್ಟು ಹೊತ್ತು ನೀರುಕಾಗೆ ನೋಡುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು.

ಆ ಊರಿನ ಬಗ್ಗೆ ಓದಿದ್ದು ಆಮೇಲೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಪೂರ್ತಿ ಮಟ್ಟ 1819 ಅಡಿ, ಹಿಡಿಯುವ ನೀರು ಸುಮಾರು 151 ಟಿಎಂಸಿ. ಆ ನೀರಿನ ಕೆಳಗೆ ಊರುಗಳಿವೆ, ಗದ್ದೆಗಳಿವೆ, ತೋಟಗಳಿವೆ. ಸಾವಿರಾರು ಕುಟುಂಬಗಳು ಎದ್ದು ಹೋದವು. ಉಳಿದ ತುಮರಿ ಸೀಮೆಗೆ ಮೂರು ಕಡೆ ನೀರು, ಒಂದು ಕಡೆ ಘಟ್ಟದ ಕಾಡು. ಮೊದಲು ಎತ್ತಿನಗಾಡಿಯಲ್ಲಿ ಹೋಗುತ್ತಿದ್ದ ಸಾಗರದ ಸಂತೆಗೆ ಆಮೇಲೆ ಲಾಂಚು ಹಿಡಿಯಬೇಕಾಯಿತು. ರಾತ್ರಿ ಹೊತ್ತು ಹಾವು ಕಚ್ಚಿದರೂ ಹೆರಿಗೆ ನೋವು ಬಂದರೂ ಕಾಡುದಾರಿಯಲ್ಲಿ ಸುತ್ತಿ ಬಳಸಿ ಹೋಗಬೇಕಿತ್ತು, ಇಲ್ಲವೇ ಬೆಳಗಾಗುವವರೆಗೆ ಕಾಯಬೇಕಿತ್ತು. ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿ ಇದನ್ನೆಲ್ಲ ಕಣ್ಣಾರೆ ಕಂಡ ಸಾಗರದ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಸಿನಿಮಾ ನಾನು ನೋಡಿದ್ದೆ, ಕಣ್ಣೀರೂ ಹಾಕಿದ್ದೆ. ಆದರೆ ಅದೇ ನೀರಿನ ದಡದಲ್ಲಿ, ಅದೇ ಸೀಮೆಯವರೊಬ್ಬರು ಕಿಟಕಿಯ ಹತ್ತಿರ ಬಗ್ಗಿ ಕೇಳಿದಾಗ ಸರದಿಯ ಪಾಠ ಹೇಳಿದೆ. ಎರಡು ಗಂಟೆ ಕಾದೆವು ಅಂತ ಹೇಳಿದ್ದು ಯಾರಿಗೆ? ಐವತ್ತೆಂಟು ವರ್ಷ ಕಾದವರಿಗೆ. ನಮ್ಮೂರಿನ ದೀಪ ಉರಿಯಲೆಂದು ನೀರು ಕಟ್ಟಿಸಿಕೊಂಡವರಿಗೆ.

ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಉದ್ದ. ಅದೇ ವರ್ಷ ದಸರಾ ರಜೆಯಲ್ಲಿ ನಾವು ಮತ್ತೆ ಹೋದೆವು. ಅತ್ತೆಗೆ ಹರಕೆ ತೀರಿಸಬೇಕಿತ್ತು, ನನಗೆ ಬೇರೆ ಕೆಲಸವಿತ್ತು.

ಕಾರಿನಲ್ಲಿ ನಾಲ್ಕೈದು ನಿಮಿಷ, ಆಚೆ ದಡ. ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ. ಎರಡೂ ಕಡೆ ಮಳೆಗಾಲದ ತುಂಬು ನೀರು, ನಡುವೆ ಇಳಿಬಿಟ್ಟ ಹಗ್ಗಗಳಂತೆ ಉಕ್ಕಿನ ಕೇಬಲ್ಲು. ನೋಡಲೇಬೇಕಾದ ಜಾಗ, ಅನುಮಾನವಿಲ್ಲ. ಆದರೆ ಸೇತುವೆಯ ನಟ್ಟನಡುವೆ ಒಬ್ಬರು ಕಾರು ಅಡ್ಡ ನಿಲ್ಲಿಸಿ ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಹಿಂದೆ ಊರಿನ ಬಸ್ಸು ನಿಂತಿತ್ತು. ಬಸ್ಸಿನ ಕಿಟಕಿಯಲ್ಲಿ ಯಾರೂ ಕೂಗಾಡಲಿಲ್ಲ, ನೋಡುತ್ತಾ ಕೂತಿದ್ದರು. ಕಾಯುವುದು ಅವರಿಗೆ ಅಭ್ಯಾಸವಾಗಿತ್ತೋ ಏನೋ. ನೀರು ದಾಟಲು ಸೇತುವೆ ಕಟ್ಟಬಹುದು, ನಮ್ಮ ಸ್ವಭಾವ ದಾಟುವುದಕ್ಕೆ ಎಂಜಿನಿಯರುಗಳೇನು ಮಾಡಿಯಾರು?

ವಾಪಸು ಬರುವಾಗ ಹಳೇ ದಡಕ್ಕೆ ಇಳಿದೆ. ರಸ್ತೆ ಹಾಗೇ ನೀರಿನೊಳಗೆ ಹೋಗುತ್ತಿತ್ತು. ಅಂಗಡಿಗೆ ತಟ್ಟಿ ಕಟ್ಟಿತ್ತು. ಗಾಳ ಹಾಕಿ ಕೂತಿದ್ದ ಹುಡುಗ, "ಅವ್ರು ಸೇತುವೆ ಹತ್ರ ಅಂಗಡಿ ಇಟ್ಟಾರೆ" ಅಂದ. ಹುಡುಕಿಕೊಂಡು ಹೋದೆ. ಆಕೆಗೆ ಈ ಸಲ ನನ್ನ ಗುರುತು ಸಿಗಲಿಲ್ಲ. ದಿನಕ್ಕೆ ನೂರಾರು ಮುಖ ನೋಡುವವರು. ನಾನೇ ನೆನಪು ಮಾಡಿ ಅಜ್ಜನ ವಿಷಯ ಕೇಳಿದೆ.

"ಓ, ಅವ್ರಾ? ಹೋಗಿ ವರ್ಷದ ಮೇಲಾತು. ಕಂಬ ಎದ್ದಿದ್ದು ನೋಡಿದ್ರು. ಸೇತುವೆ ಆಗಿದ್ದು ನೋಡ್ಲಿಲ್ಲ."

ಮಗನ ಮನೆ ಎಲ್ಲಿ ಎಂದು ಕೇಳಬೇಕೆಂದುಕೊಂಡೆ. ಕೇಳಿ ಮಾಡುವುದೇನು? ಎರಡೂವರೆ ವರ್ಷದ ಹಿಂದೆ ಯಾರೋ ಕಾರಿನವರು ಆಡಿದ ಮಾತು ಅವರಿಗೆ ನೆನಪಿರಬೇಕೆಂದೇನಿಲ್ಲ. ಅಂಥವರು ಎಷ್ಟು ಜನವೋ. ಕ್ಷಮೆ ಕೇಳಿ ನಾನು ಹಗುರಾಗುತ್ತಿದ್ದೆ, ಅವರಿಗೆ ಅಪ್ಪನ ಆ ಮಧ್ಯಾಹ್ನ ಮತ್ತೆ ನೆನಪಾಗುತ್ತಿತ್ತು. ಚಹಾ ಕುಡಿದು, ಲೋಟ ಅವರ ಬುಟ್ಟಿಗೇ ಹಾಕಿ ಹೊರಟೆ.

ನಾನೇನೂ ಆವತ್ತಿನಿಂದ ಬದಲಾಗಿಬಿಟ್ಟೆ ಅಂತ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಲಿಫ್ಟಿನ ಬಾಗಿಲು ಮುಚ್ಚುವ ಬಟನ್ ಒತ್ತಿದ ಮೇಲೆ ಹೊರಗೆ ಓಡಿ ಬರುವ ಕಾಲಿನ ಸದ್ದು ಕೇಳಿಯೂ ಸುಮ್ಮನಿದ್ದದ್ದುಂಟು. ಮಳೆಯಲ್ಲಿ ನೆನೆದು ಬಂದ ಡೆಲಿವರಿ ಹುಡುಗನಿಗೆ, "ಹತ್ತು ನಿಮಿಷ ಲೇಟು" ಅಂದದ್ದೂ ಉಂಟು. ಆದರೆ ಒಂದು ರೂಢಿ ಮಾಡಿಕೊಂಡಿದ್ದೇನೆ. ಆಸ್ಪತ್ರೆ, ಬ್ಯಾಂಕು, ಬಸ್ಸು, ಎಲ್ಲೇ ಆಗಲಿ ಯಾರಾದರೂ, "ಸ್ವಲ್ಪ ಮುಂದೆ ಬಿಡ್ತೀರಾ?" ಅಂದರೆ, ಬಾಯಿಗೆ ಬರುವ ಮೊದಲ ಮಾತನ್ನು ನುಂಗಿ, "ಏನಾಗಿದೆ?" ಅಂತ ಕೇಳುತ್ತೇನೆ. ಕೇಳಲು ಅರ್ಧ ನಿಮಿಷ ಸಾಕು. ಹತ್ತರಲ್ಲಿ ಇಬ್ಬರು ಸುಳ್ಳು ಹೇಳಿರಬಹುದು. ಹೇಳಲಿ. ಉಳಿದ ಎಂಟು ಜನರಲ್ಲಿ ಯಾರ ಕಾಲು ಚಪ್ಪಲಿ ಹುಡುಕುತ್ತಿದೆಯೋ ನನಗೆ ಗೊತ್ತಿಲ್ಲವಲ್ಲ.

ತುಮಕೂರಿನ ಸೈಟಿನಲ್ಲಿ ಬೋರ್ಡು ಇನ್ನೂ ಇದೆ. ಕಲ್ಲುಕಂಬ ಒಂದೂ ಅಲ್ಲಾಡಿಲ್ಲ. ಅತ್ತೆ ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಾರೆ. ನನಗೆ ಮಾತ್ರ "ಕಾವಲಿದೆ" ಅಂತ ಓದಿದಾಗಲೆಲ್ಲ ತಾಯಿ ಕಾಯುತ್ತಿರುವುದು ಸೈಟನ್ನಲ್ಲ, ನನ್ನ ಬಾಯನ್ನು ಅನಿಸುತ್ತದೆ.