ರೈಫಲ್ ನೋಡುವ ಮೊದಲು ಮಗುವಿನ ತೋಳು ನೋಡಿ

ನಮ್ಮ ಕೊಡಗಿನಲ್ಲಿ ಕೋವಿ ಹೊಸದಲ್ಲ. ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತ ಬಂದರೆ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹಾಗಾಗಿ ಅಕ್ಕನ 12 ವರ್ಷದ ಮಗಳು "ಮಾವ, ನಾನೂ ರೈಫಲ್ ಶೂಟಿಂಗ್ ಕಲೀಬೇಕು" ಎಂದಾಗ, ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಅಂದುಕೊಂಡೆ.

ಆ ವರ್ಷ ಕಾಫಿ ಮಾರಿದ ದುಡ್ಡಲ್ಲಿ ಒಂದು ಸ್ಪ್ರಿಂಗ್ ಏರ್ ರೈಫಲ್ ತಂದೆ. ದೊಡ್ಡವರ ಅಳತೆಯದ್ದು. ಯೂನಿಫಾರ್ಮ್ ಹೊಲಿಸುವಾಗ ಸ್ವಲ್ಪ ಉದ್ದ ಬಿಡಿಸುತ್ತೇವಲ್ಲ, ಅದೇ ಲೆಕ್ಕ. ಬೆಳೆಯುತ್ತಾಳೆ, ಸರಿಹೋಗುತ್ತೆ ಅಂತ.

ಸರಿಹೋಗಲಿಲ್ಲ. ಸ್ಪ್ರಿಂಗ್ ಎಳೆಯಲು ಅವಳ ಕೈಗೆ ಶಕ್ತಿ ಸಾಲದು. ಭಾರ ತಡೆಯಲಾರದೆ ಸೊಂಟದಿಂದ ಹಿಂದಕ್ಕೆ ಬಾಗುತ್ತಿದ್ದಳು. ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಕಾಗದ ಅಂಟಿಸಿ ಹೊಡೆಸಿದರೆ ಒಂದು ಪೆಲೆಟ್ ಮೇಲೆ, ಒಂದು ಕೆಳಗೆ. ತಿಂಗಳಾಗುವಷ್ಟರಲ್ಲಿ "ನನ್ನ ಕಣ್ಣೇ ಸರಿಯಿಲ್ಲ ಮಾವ, ಬಿಡಿ" ಎಂದಳು. ನನ್ನ ದುಡ್ಡು ಹೋದದ್ದಕ್ಕಿಂತ ಆ ಮಾತು ಹೆಚ್ಚು ನೋಯಿಸಿತು.

ಕೊನೆಗೆ ಅವಳನ್ನು ಮೈಸೂರಿನ ಒಂದು ರೇಂಜ್‌ಗೆ ಕರೆದುಕೊಂಡು ಹೋದೆ. ಕೋಚ್ ನನ್ನ ರೈಫಲ್‌ನ ಬಟ್ಟನ್ನು ಅವಳ ಮೊಣಕೈ ಒಳಮಡಿಕೆಗೆ ಒತ್ತಿ ಹಿಡಿಸಿದರು. ತೋರುಬೆರಳು ಟ್ರಿಗರ್ ಮುಟ್ಟಲೇ ಇಲ್ಲ. "ಕಣ್ಣು ಚೆನ್ನಾಗಿದೆ, ರೈಫಲ್ ಉದ್ದವಾಯ್ತು ಅಷ್ಟೆ" ಎಂದರು. ಹುಡುಗಿಯ ಮುಖ ಅರಳಿತು.

ಸ್ಪ್ರಿಂಗ್ ರೈಫಲ್‌ನಲ್ಲಿ ಇನ್ನೊಂದು ತೊಂದರೆಯನ್ನೂ ಅವರು ಹೇಳಿದರು. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಜಿಗಿದು, ಪೆಲೆಟ್ ನಳಿಗೆ ಬಿಡುವ ಮೊದಲೇ ರೈಫಲ್ ಅಲುಗುತ್ತದೆ. ತಪ್ಪು ಕೈಯದೋ ರೈಫಲ್‌ನದೋ ಕಲಿಯುವ ಮಗುವಿಗೆ ತಿಳಿಯದು. ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರ್ ಇರುವ ರೈಫಲ್ ಅಷ್ಟು ಅಲುಗುವುದಿಲ್ಲ.

ತೆಂಗಿನಕಾಯಿಗೂ ಇದಕ್ಕೂ ಹೋಲಿಕೆಯೇ ಇಲ್ಲ. 10 ಮೀಟರ್ ದೂರದ ಗುರಿಯಲ್ಲಿ ನಡುವಿನ 10 ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಪೆಲೆಟ್ಟೇ 4.5 ಮಿಲಿಮೀಟರ್. ದೊಡ್ಡವರ ಪಂದ್ಯದಲ್ಲಿ 75 ನಿಮಿಷದೊಳಗೆ 60 ಗುಂಡು, ನಿಂತೇ ಹೊಡೆಯಬೇಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಆಟದಲ್ಲಿ.

ಈಗ ಅವಳು ಕ್ಲಬ್‌ನ ಹಗುರ ರೈಫಲ್‌ನಲ್ಲೇ ಕಲಿಯುತ್ತಿದ್ದಾಳೆ. ಅದರ ಬಟ್ಟನ್ನೂ ಕೆನ್ನೆ ಒರಗಿಸುವ ಭಾಗವನ್ನೂ ಅವಳ ಅಳತೆಗೆ ಸರಿಸಬಹುದು. ಶುರುವಿನಲ್ಲಿ ಸ್ಟ್ಯಾಂಡ್ ಮೇಲೆ ಇಟ್ಟು ಹೊಡೆಸಿದರು, ಆಮೇಲೆ ಕೈಗೆ ಕೊಟ್ಟರು. ಪಂದ್ಯದ ವಿದೇಶಿ ರೈಫಲ್‌ಗೆ ಲಕ್ಷದ ಮೇಲೆ ಬೇಕು. ಆ ಯೋಚನೆ ಸದ್ಯಕ್ಕಿಲ್ಲ.

ನಿಮ್ಮ ಮನೆಯ ಮಗುವೂ ಕೇಳಿದರೆ ಅಂಗಡಿಗೆ ಮೊದಲು ಹೋಗಬೇಡಿ, ರೇಂಜ್‌ಗೆ ಹೋಗಿ. ಕೆಲವು ತಿಂಗಳು ಅಲ್ಲಿಯದರಲ್ಲೇ ಹೊಡೆಯಲಿ. ಕೊಳ್ಳುವಾಗ ಮಗುವನ್ನೂ ಕರೆದೊಯ್ದು ಕೈಗೆ ಕೊಟ್ಟು ನೋಡಿ. .177 ಅಳತೆಯ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, ನಿಜ. ಆದರೆ ಅದರ ಪೆಲೆಟ್ ಕಣ್ಣು ತೆಗೆಯಬಲ್ಲದು. ದೊಡ್ಡವರು ಜೊತೆಗಿಲ್ಲದಾಗ ಬೀಗ ಹಾಕಿಡಿ.

ನಾನು ತಂದ ರೈಫಲ್ ಬೀರುವಿನಲ್ಲಿದೆ. ಮಾರೋಣವೆಂದರೆ ಅವಳು ಬಿಡುತ್ತಿಲ್ಲ. ಆಗಾಗ ತೆಗೆಸಿ, ಮೊಣಕೈಗೆ ಒತ್ತಿ, ಬೆರಳು ಎಲ್ಲಿಗೆ ಮುಟ್ಟುತ್ತದೆ ಅಂತ ನೋಡುತ್ತಾಳೆ.