ವಸಿಯ್ಯತ್‌ನಲ್ಲಿ ಬರೆಯದೆ ಉಳಿದ ಮಾತು

ನಮ್ಮ ಹಿರಿಯರು ಸಾವಿಗೆ ಅಣಿಯಾಗುವುದರಲ್ಲಿ ಹಿಂದೆ ಬಿದ್ದವರಲ್ಲ. ಕಫನ್ ಬಟ್ಟೆ ತಂದು ಪೆಟ್ಟಿಗೆಯಲ್ಲಿಟ್ಟಿರುತ್ತಾರೆ. ಯಾರಿಗೆ ಎಷ್ಟು ಸಾಲ ಕೊಡಬೇಕೆಂದು ಮಕ್ಕಳಿಗೆ ಹೇಳಿರುತ್ತಾರೆ. ಆದರೆ ಸಾಯುವ ಮುಂಚಿನ ಆಸ್ಪತ್ರೆಯ ದಿನಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಕಾಯಿಲೆ ಕೈಮೀರಿತೆಂದರೆ ಆಂಬ್ಯುಲೆನ್ಸ್ ರಾಯಚೂರು, ಬಳ್ಳಾರಿ ಇಲ್ಲವೇ ಹೈದರಾಬಾದಿನ ದಾರಿ ಹಿಡಿಯುತ್ತದೆ. ಅಲ್ಲಿ ಐಸಿಯು ಬಾಗಿಲಲ್ಲಿ ವೈದ್ಯರು ಕಾಗದ ಚಾಚಿ, "ವೆಂಟಿಲೇಟರ್ ಹಾಕೋಣವೇ?" ಎಂದು ಕೇಳುತ್ತಾರೆ. ಉತ್ತರ ಹೇಳಬೇಕಾದವರು ಪ್ರಜ್ಞೆ ತಪ್ಪಿ ಒಳಗೆ ಮಲಗಿರುತ್ತಾರೆ.

ನಮ್ಮ ಬಡೇ ಅಬ್ಬಾರ ವಿಷಯದಲ್ಲೂ ಹೀಗೆಯೇ ಆಯಿತು. ಹನ್ನೊಂದು ದಿನ ಯಂತ್ರದ ಉಸಿರು. "ಮನೆಗೆ ಒಯ್ಯೋಣ, ಕಲಿಮಾ ಕಿವಿಗೆ ಬೀಳಲಿ" ಎಂದ ಹಿರಿಯ ಮಗ. "ಜೀವ ಇರುವಾಗಲೇ ಕೈಬಿಟ್ಟರೆ ಅಲ್ಲಾಹನಿಗೆ ಏನು ಉತ್ತರ ಕೊಡಲಿ?" ಎಂದು ಅತ್ತ ಕಿರಿಯವ. ಇಬ್ಬರದೂ ಪ್ರೀತಿಯೇ. ಕಾಲುವೆ ನೀರಿನ ಎರಡು ಎಕರೆ ಗದ್ದೆ ಅಡವಾಯಿತು. ಬಡೇ ಅಬ್ಬಾ ಹೋದರು. ಅಣ್ಣ ತಮ್ಮಂದಿರ ನಡುವೆ ಇಂದಿಗೂ ಮಾತಿಲ್ಲ.

ಪ್ರಾಣ ಅಲ್ಲಾಹನ ಅಮಾನತ್ತು. ಆತ್ಮಹತ್ಯೆಯಾಗಲಿ, ಮದ್ದು ಚುಚ್ಚಿ ಕೊಲ್ಲುವುದಾಗಲಿ ಹರಾಮ್. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಯವರೇ(ಸ) ಕಲಿಸಿದ್ದಾರೆ. ಆದರೆ ಫಲವಿಲ್ಲವೆಂದು ತಿಳಿದ ಮೇಲೂ ಯಂತ್ರ ಕಡ್ಡಾಯವೇ? ಮೆದುಳು ಮತ್ತೆ ಚೇತರಿಸದಂತೆ ಸಂಪೂರ್ಣ ನಿಂತಿದೆಯೆಂದು ತಜ್ಞ ವೈದ್ಯರು ಹೇಳಿದರೆ ಯಂತ್ರ ತೆಗೆಯಬಹುದೆಂದು 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ತೀರ್ಮಾನಿಸಿತು. ಉಳಿದ ಸಂದರ್ಭಗಳ ಕುರಿತು ವಿದ್ವಾಂಸರಲ್ಲಿ ಚರ್ಚೆಯಿದೆ. ಆದ್ದರಿಂದಲೇ ಆರೋಗ್ಯವಿರುವಾಗ ಆಲಿಮರನ್ನೂ ವೈದ್ಯರನ್ನೂ ಕೇಳಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಕಾನೂನು ಇದಕ್ಕೆ ದಾರಿ ಮಾಡಿದೆ. ಗೌರವದಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. 2023ರಲ್ಲಿ ನಿಯಮಗಳನ್ನು ಸರಳಗೊಳಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಈ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಹೋರಾಡಿದವರು. 2025ರ ಜನವರಿ 30ರಂದು ಕರ್ನಾಟಕ ಸರಕಾರ ಈ ಬಗ್ಗೆ ಸುತ್ತೋಲೆ ಹೊರಡಿಸಿತು.

ವಯಸ್ಕರು ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡಬಹುದು. ಇಬ್ಬರು ಸಾಕ್ಷಿಗಳ ರುಜು ಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು. ತಮ್ಮ ಪರವಾಗಿ ಮಾತನಾಡುವವರ ಹೆಸರನ್ನೂ ಬರೆಯಬೇಕು. ಮನಸ್ಸು ಬದಲಾದರೆ ಕಾಗದವನ್ನೂ ಬದಲಿಸಬಹುದು. ಬರೆದಿದ್ದಾರೆಂದ ಮಾತ್ರಕ್ಕೆ ಯಂತ್ರ ತೆಗೆಯುವಂತಿಲ್ಲ. ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ನೋವು ಶಮನದ ಆರೈಕೆ ಕೊನೆಯವರೆಗೂ ಮುಂದುವರಿಯಬೇಕು.

ಸಾಲದ ವ್ಯವಹಾರವನ್ನೇ ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಎಂದು ಕುರ್‌ಆನ್ ಆದೇಶಿಸುತ್ತದೆ. ಇದು ಅದಕ್ಕಿಂತ ಸಣ್ಣ ವ್ಯವಹಾರವೇ? ಈ ಮಾತು ತೆಗೆದರೆ ಮಕ್ಕಳು, "ಕೆಟ್ಟದ್ದು ನುಡಿಯಬೇಡಿ ಅಬ್ಬಾ" ಎನ್ನುತ್ತಾರೆ. ಆದರೂ ನುಡಿಯಬೇಕು. ನಾವು ಹೇಳದೆ ಉಳಿಸಿದ ಮಾತಿನ ಭಾರ ಹೊರಬೇಕಾದವರು ಅವರೇ.