ಮೂರನೆಯ ಶಾಪ

ದೆವ್ವದ ಕಾದಂಬರಿ ಬರೆಯುತ್ತಿದ್ದೇನೆಂದರೆ ನಮ್ಮ ಬಂಧುಬಳಗದವರು ಮೊದಲು ನಗುತ್ತಾರೆ. ಆಮೇಲೆ ಮೆಲ್ಲನೆ, ‘ಯಾವ ಊರಿನ ದೆವ್ವ?’ ಎಂದು ವಿಚಾರಿಸುತ್ತಾರೆ. ತಲಕಾಡಿನದು ಎಂದೊಡನೆ ನಗು ನಿಲ್ಲುತ್ತದೆ. ಅಲಮೇಲಮ್ಮನ ಹೆಸರೆತ್ತಿ ನಗುವ ಧೈರ್ಯ ಮೈಸೂರು ಸೀಮೆಯವರಿಗೆ ಇಂದಿಗೂ ಇಲ್ಲ.

ಕಥೆ ವಾಚಕರಿಗೆ ಗೊತ್ತಿರುವುದೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ, ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನು ತಲಕಾಡಿಗೆ ಸರಿದನು. ಅವನ ಮಡದಿ ಅಲಮೇಲಮ್ಮನ ಒಡವೆಗಳಿಂದಲೇ ರಂಗನಾಯಕಿ ಅಮ್ಮನವರಿಗೆ ಅಲಂಕಾರ ನಡೆಯುತ್ತಿತ್ತಂತೆ. ಅವನ್ನು ಒಪ್ಪಿಸಬೇಕೆಂದು ಅರಸನ ಕಡೆಯವರು ಬಂದರು. ಆಕೆ ಮುತ್ತಿನ ಮೂಗುತಿಯೊಂದನ್ನು ಮಾತ್ರ ಕೊಟ್ಟು, ಉಳಿದುದನ್ನು ಮಡಿಲಿನಲ್ಲಿ ಕಟ್ಟಿಕೊಂಡು ಮಾಲಂಗಿಯ ಬಳಿ ಕಾವೇರಿಗೆ ಧುಮುಕಿದಳು. ಧುಮುಕುವ ಮುನ್ನ ಮೂರು ಶಾಪಗಳನ್ನಿತ್ತಳೆಂದು ಪ್ರತೀತಿ. ತಲಕಾಡು ಮರಳಿನಲ್ಲಿ ಹೂಳಬೇಕು, ಮಾಲಂಗಿಯಲ್ಲಿ ಹೊಳೆ ಮಡುವಾಗಬೇಕು, ಮೈಸೂರಿನ ದೊರೆಗಳಿಗೆ ಸಂತಾನವಾಗಬಾರದು.

1764ರ ಡಿಸೆಂಬರಿನಲ್ಲಿ ಲಂಡನ್ನಿನ ಹೊರೇಸ್ ವಾಲ್ಪೋಲನು ತನ್ನ ಹೆಸರನ್ನು ಮರೆಸಿ, ಹಳೆಯ ಇಟಾಲಿಯನ್ ಗ್ರಂಥವೊಂದರ ಅನುವಾದವೆಂದು ಹೇಳಿಕೊಂಡು ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಎಂಬ ಕಥೆಯನ್ನು ಪ್ರಕಟಿಸಿದನು. ಮರುವರ್ಷದ ಮುದ್ರಣದಲ್ಲಿ ಅದನ್ನು ‘ಗಾಥಿಕ್ ಕಥೆ’ ಎಂದು ಕರೆದನು; ಈ ಜಾತಿಯ ಕಾದಂಬರಿಗಳಿಗೆಲ್ಲ ಅದೇ ಮೂಲ. ಪೂರ್ವಜನು ಮೋಸದಿಂದ ಕಸಿದ ಸಂಸ್ಥಾನವನ್ನು ಅನುಭವಿಸುತ್ತಿರುವ ದೊರೆ, ಮದುವೆಯ ದಿನವೇ ದೈತ್ಯ ಶಿರಸ್ತ್ರಾಣದ ಕೆಳಗೆ ಜಜ್ಜಿಹೋಗುವ ಅವನ ಏಕಮಾತ್ರ ಪುತ್ರ, ಮುಗಿದುಹೋಗುವ ವಂಶ! ಅದನ್ನು ಓದಿದಾಗಲೆಲ್ಲ ನನಗೆ ತಲಕಾಡೇ ನೆನಪಾಗುವುದು. ಇಂಥ ಕಥೆಗೆ ಹಾಳುಬಿದ್ದ ವಿಲಾಯಿತಿ ಕೋಟೆಯನ್ನು ಎರವಲು ತರಬೇಕಾದ ಅಗತ್ಯ ನಮಗೇನಿದೆ?

ಮರಳನ್ನು ಬರೆಯುವುದು ನನಗೆ ಸುಖದ ಕೆಲಸವಾಯಿತು. ಹೊಳೆಯ ತಿರುವಿನಲ್ಲಿ ಸೇರಿದ ಮರಳನ್ನು ಗಾಳಿ ಊರ ಮೇಲೆ ತಂದು ಸುರಿಯಿತು, ಮಾಧವಮಂತ್ರಿ ಅಣೆಕಟ್ಟಿನಿಂದ ನೀರು ಇಳಿದು ಮರಳು ಬಯಲಾದದ್ದೂ ಇದಕ್ಕೆ ಕಾರಣ ಎಂದು ಬಲ್ಲವರು ಹೇಳುತ್ತಾರೆ. ಇದರಿಂದ ಭಯವೇನೂ ಕಡಿಮೆಯಾಗುವುದಿಲ್ಲ. ವಿಷ್ಣುವರ್ಧನನು ಕಟ್ಟಿಸಿದ ಕೀರ್ತಿನಾರಾಯಣನ ಗುಡಿಗೆ ಈಗ ದಿಬ್ಬದಿಂದ ಇಳಿದು ಹೋಗಬೇಕು. ದೇವರ ದರ್ಶನಕ್ಕೆ ಹಳ್ಳಕ್ಕಿಳಿಯುವಾಗ ಯಾರ ಎದೆ ತಾನೇ ಅಳುಕದು? ನನ್ನ ಕಾದಂಬರಿಯಲ್ಲಿ ಬಿರುಗಾಳಿಯಿಲ್ಲ, ಗುಡುಗಿಲ್ಲ. ಗೃಹಿಣಿಯೊಬ್ಬಳು ಬೆಳಗ್ಗೆ ಹೊಸ್ತಿಲು ಸಾರಿಸಿ ರಂಗೋಲಿ ಇಡುತ್ತಾಳೆ. ಸಂಜೆಗೆ ರಂಗೋಲಿಯ ಮೇಲೆ ಬೆರಳು ಗಾತ್ರ ಮರಳು. ಗುಡಿಸುತ್ತಾಳೆ. ಮರುದಿನ ಗೇಣುದ್ದ. ಮೂರನೆಯ ಅಧ್ಯಾಯ ಮುಗಿಯುವ ವೇಳೆಗೆ ಅವಳು ಪೊರಕೆಯನ್ನು ಮೂಲೆಗಿಟ್ಟು ಸುಮ್ಮನೆ ಕುಳಿತುಬಿಡುತ್ತಾಳೆ.

ಮಂತ್ರವಾದಿಯೂ ಇದ್ದಾನೆ. ಎಳೆಯ ಹುಡುಗಿಯ ಅಂಗೈಗೆ ಕಾಡಿಗೆ ಬಳಿದು ‘ಏನು ಕಾಣುತ್ತದೆ?’ ಎಂದು ಕೇಳುವ ಅಂಜನದ ವಿದ್ಯೆ ಅವನದು. ತಲೆಬುರುಡೆ, ರಕ್ತಬಲಿಗಳ ಆರ್ಭಟಕ್ಕಿಂತ ಆ ಪುಟ್ಟ ಕರಿಯ ಅಂಗೈ ಹೆಚ್ಚು ಭಯಂಕರವೆಂದು ನನ್ನ ಅಭಿಪ್ರಾಯ. ಒಡವೆಗಳನ್ನು ಹುಡುಕಲು ಅರಮನೆಯವರು ಅವನನ್ನು ಕರೆಸುತ್ತಾರೆ. ಹುಡುಗಿಗೆ ಒಡವೆ ಕಾಣುವುದಿಲ್ಲ, ಒದ್ದೆ ಕೂದಲಿನ ಹೆಂಗಸೊಬ್ಬಳು ಕಾಣುತ್ತಾಳೆ.

ಇಷ್ಟರವರೆಗೆ ಲೇಖನಿ ಸಲೀಸಾಗಿ ಓಡಿತು. ಕಷ್ಟವಾದದ್ದು ಮೂರನೆಯ ಶಾಪ.

ರಾಜ ಒಡೆಯರ ಮಕ್ಕಳು ತಂದೆಗಿಂತ ಮೊದಲೇ ತೀರಿಕೊಂಡು, 1617ರಲ್ಲಿ ಮೊಮ್ಮಗನಿಗೆ ಪಟ್ಟವಾಯಿತು. ಮುಂದೆಯೂ ಎಷ್ಟೋ ಸಲ ದತ್ತುಪುತ್ರರೇ ಸಿಂಹಾಸನವೇರಿದರು. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡರು. 2015ರಲ್ಲಿ ದತ್ತು ಬಂದ ಯದುವೀರರಿಗೆ 2017ರ ಡಿಸೆಂಬರಿನಲ್ಲಿ ಗಂಡುಮಗುವಾದಾಗ, ಶಾಪ ವಿಮೋಚನೆಯಾಯಿತೆಂದು ಮನೆಮನೆಯಲ್ಲಿಯೂ ಮಾತು. ಕಾದಂಬರಿಕಾರರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ?

ಬರೆದ ಹಾಳೆಗಳನ್ನು ಸಂಜೆ ನಮ್ಮ ದೊಡ್ಡಮ್ಮನವರಿಗೆ ಓದಿ ಹೇಳುವುದು ನನ್ನ ರೂಢಿ. ಅವರಿಗೆ ಮಕ್ಕಳಾಗಲಿಲ್ಲ. ನಾಗಪ್ರತಿಷ್ಠೆ, ಅಶ್ವತ್ಥ ಪ್ರದಕ್ಷಿಣೆ, ತಾಯಿತ, ಎಲ್ಲವೂ ಆಗಿದ್ದವು. ಸೀಮಂತದ ಮನೆಗಳಲ್ಲಿ ಆರತಿಗೆ ಹಾಡಲು ಕರೆಯುತ್ತಿದ್ದರು, ಆರತಿ ಎತ್ತಲು ಕರೆಯುತ್ತಿರಲಿಲ್ಲ. ಶಾಪದ ಅಧ್ಯಾಯವನ್ನು ಅವರು ಕಣ್ಣು ಮುಚ್ಚಿ ಕೇಳಿದರು.

“ಅಲ್ಲ ಕಣೇ, ಒಡವೆ ಕೇಳಿದವನು ದೊರೆ. ಬಂಜೆ ಅನ್ನಿಸಿಕೊಂಡವರು ಆಮೇಲೆ ಬಂದ ರಾಣಿಯರು. ಇದೆಂಥ ಲೆಕ್ಕ?”

ನಾನು ಉತ್ತರ ಕೊಡಲಿಲ್ಲ. ಎಂಟು ದಿನ ಒಂದಕ್ಷರವನ್ನೂ ಬರೆಯಲಾಗಲಿಲ್ಲ. ಶಾಪವೆಲ್ಲ ಯಾರೋ ಮಂತ್ರಿಯ ಕುತಂತ್ರವೆಂದು ಕೊನೆಯಲ್ಲಿ ಬಯಲು ಮಾಡಿಬಿಡಬಹುದಿತ್ತು. ಆದರೆ ದೆವ್ವವನ್ನು ತೋರಿಸಿ ಕೊನೆಗೆ ಅದು ಬಿಳಿಯ ಪಂಚೆಯೆನ್ನುವುದು ಓದುಗರಿಗೆ ಬಗೆಯುವ ವಂಚನೆ. ಅದು ನನಗೆ ಒಪ್ಪಿಗೆಯಿಲ್ಲ. ಇಂಥ ಕಾದಂಬರಿಯಲ್ಲಿ ದೆವ್ವ ದೆವ್ವವಾಗಿಯೇ ಇರಬೇಕು. ಹಾಗೆಂದು ದೊಡ್ಡಮ್ಮನವರ ಎದುರು ಕುಳಿತು ಆ ರಾಣಿಯರ ಹಣೆಯಲ್ಲಿ ಅದೇ ಬರಹವನ್ನು ಮತ್ತೆ ಬರೆಯಲು ಕೈ ಏಳಲಿಲ್ಲ.

ಈಗ ಬರೆಯುತ್ತಿರುವ ಅಧ್ಯಾಯದಲ್ಲಿ ಕಿರಿಯ ರಾಣಿ ಅಮಾವಾಸ್ಯೆಯ ರಾತ್ರಿ ಮಾಲಂಗಿಗೆ ಬಂದಿದ್ದಾಳೆ. ಮಂತ್ರವಾದಿ ತನ್ನ ಯಂತ್ರಗಳೊಂದಿಗೆ ದಡದಲ್ಲಿಯೇ ನಡುಗುತ್ತ ನಿಂತಿದ್ದಾನೆ. ಮಡುವಿನಿಂದ ಅಲಮೇಲಮ್ಮ ಎದ್ದು ಬರುತ್ತಾಳೆ. ಮೈತುಂಬ ಒಡವೆ, ಮೂಗು ಮಾತ್ರ ಬರಿದು. ಮಕ್ಕಳ ಮಾತನ್ನು ಆಕೆ ಎತ್ತುವುದೇ ಇಲ್ಲ. “ಅದು ನಾನಾಡಿದ ಮಾತಲ್ಲ ತಾಯಿ, ದಡದಲ್ಲಿ ನಿಂತು ನೋಡಿದವರು ಕೂಡಿಸಿದ್ದು. ನನ್ನ ಮೂಗುತಿ ಕೊಡಿಸು” ಎಂದಷ್ಟೇ ಕೇಳುತ್ತಾಳೆ.

ಮೂಗುತಿ ಅರಮನೆಯ ಬೊಕ್ಕಸದಲ್ಲಿದೆ. ಬೀಗದ ಕೈ ದೊರೆಯ ನಡುವಿನಲ್ಲಿದೆ. ರಾಣಿಗೆ ಅದು ಸಿಕ್ಕಿತೇ ಎಂದು ದೊಡ್ಡಮ್ಮನವರು ದಿನವೂ ವಿಚಾರಿಸುತ್ತಿದ್ದಾರೆ.